ಕರೆಯಲು ಹೋಗದ ಪಂಚಮಿ

ಅಕ್ಕನಿಗೆ ಎದೆಯ ಆಪರೇಷನ್ ಆದ ವರ್ಷ ನಾಗರ ಪಂಚಮಿಗೆ ನಾನು ಅವಳನ್ನು ಕರೆಯಲು ಹೋಗಲಿಲ್ಲ. ಹೋಗಲು ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸು ಇತ್ತು, ರಸ್ತೆ ಇತ್ತು, ನನ್ನ ಕೈಕಾಲು ಗಟ್ಟಿ ಇದ್ದವು. ಹೋಗಲಿಲ್ಲ.

ನಮ್ಮ ಕಡೆಯವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಮದುವೆಯಾಗಿ ಹೋದ ಹೆಣ್ಣುಮಗಳು ಶ್ರಾವಣ ಬಂತೆಂದರೆ ಬಾಗಿಲ ಕಡೆ ನೋಡುತ್ತಿರುತ್ತಾಳೆ. ಅಣ್ಣನೋ ತಮ್ಮನೋ ಬರಬೇಕು, ಕುಳಿತು ಚಹಾ ಕುಡಿಯಬೇಕು, ಅವಳ ಚೀಲ ತಾನು ಹಿಡಿದು ಮುಂದೆ ನಡೆಯಬೇಕು. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಅವಳೇ ಹತ್ತಿ ಬರಬಹುದು. ಆದರೆ ತಾನಾಗಿ ಬರುವುದು ಬೇರೆ, ಕರೆಸಿಕೊಂಡು ಬರುವುದು ಬೇರೆ. ಕರೆಯಲು ಯಾರೂ ಬಾರದವಳಿಗೆ ಓಣಿಯ ಹೆಂಗಸರು ಏನೂ ಅನ್ನುವುದಿಲ್ಲ. ಅವಳು ಹತ್ತಿರ ಬಂದಾಗ ತಮ್ಮ ತಮ್ಮ ತವರಿನ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ.

ನಮ್ಮ ಊರು ಉಗರಗೋಳ. ಒಂದಿಷ್ಟು ಹೊಲ ಇದೆ, ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕಾಯಿ, ಕರ್ಪೂರ, ಭಂಡಾರದ ಅರಿಶಿನ ಮಾರುವ ಸಣ್ಣ ಅಂಗಡಿ ಇದೆ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದುವ ರೂಢಿ ಬಂದದ್ದು ಅಂಗಡಿಯಲ್ಲಿ ಕುಳಿತು, ಕರ್ಪೂರ ಕಟ್ಟಲು ತಂದ ಹಳೆಯ ಪೇಪರುಗಳನ್ನು ಓದಿ. ಅಕ್ಕ ನನಗಿಂತ ಮೊದಲೇ ಶಾಲೆ ಬಿಟ್ಟಿದ್ದಳು. ಚಿಕ್ಕಂದಿನಲ್ಲಿ ಅವಳಿಗೆ ಮೇಲಿಂದ ಮೇಲೆ ಗಂಟಲು ನೋವು, ಜ್ವರ, ಮೊಣಕಾಲು ಬಾತು ನಡೆಯಲಾಗದಷ್ಟು ನೋವು. ಅವ್ವ ಬೆಳೆಯುವ ಮಕ್ಕಳಿಗೆ ವಾಯು ಆಗುತ್ತದೆ ಎಂದು ಎಣ್ಣೆ ತಿಕ್ಕುತ್ತಿದ್ದಳು. ಅಂಥ ನೋವಿನಲ್ಲೂ ನನ್ನನ್ನು ಸೊಂಟದ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದದ್ದು ಅವಳೇ. ಆ ಜ್ವರವೇ ಒಳಗೆ ವಾಲ್ವು ಎಂಬ ಹೃದಯದ ಬಾಗಿಲನ್ನು ಕೆಡಿಸಿತ್ತೆಂದು ಬೆಳಗಾವಿಯ ಡಾಕ್ಟರು ಹೇಳಿದಾಗ ಅವ್ವ ಅಪ್ಪ ಇಬ್ಬರೂ ಬದುಕಿರಲಿಲ್ಲ. ಕೇಳಿಸಿಕೊಂಡವರು ನಾನು, ನನ್ನ ಪಕ್ಕದಲ್ಲಿ ನಿಂತ ಅಕ್ಕನ ಗಂಡ. ಅವನನ್ನು ನಾನು ಮಾಮಾ ಅನ್ನುತ್ತೇನೆ. ರಾಮದುರ್ಗದಲ್ಲಿ ಮಗ್ಗದ ಕೆಲಸ. ಅವರಿಗೆ ಮಕ್ಕಳಿಲ್ಲ.

ಕೆಟ್ಟ ಬಾಗಿಲು ತೆಗೆದು ಲೋಹದ್ದೊಂದು ಕೂರಿಸಿದರು. ಒಂದು ಮಧ್ಯಾಹ್ನ ವಾರ್ಡಿನಲ್ಲಿ ಕರೆಂಟು ಹೋಗಿ ಫ್ಯಾನುಗಳೆಲ್ಲ ನಿಂತವು. ಆಗ ಕೇಳಿಸಿತು. ಟಿಕ್, ಟಿಕ್, ಟಿಕ್. ಗೋಡೆಯ ಮೇಲೆ ಗಡಿಯಾರ ಹುಡುಕಿದೆ. ಇರಲಿಲ್ಲ. ಮಂಚದ ಹತ್ತಿರ ಬಗ್ಗಿದೆ. ಸಪ್ಪಳ ಅಕ್ಕನ ಎದೆಯಿಂದ ಬರುತ್ತಿತ್ತು.

ಸಲಾಯಿನ್ ಬದಲಿಸಲು ಬಂದ ನರ್ಸು ನಕ್ಕಳು. "ಅಂಜಬ್ಯಾಡ್ರಿ ಅಣ್ಣಾರ. ಹೊಸಾ ಬಾಗಲಾ ತೆರದು ಮುಚ್ಚೂ ಸಪ್ಪಳ ಅದು."

"ನಿಂತರ?" ಅಂದೆ.

"ಗುಳಿಗಿ ಬಿಡದ ತಗೊಂಡ್ರ ಯಾಕ ನಿಂದರ್ತೈತ್ರಿ? ನೀವು ಸ್ವಲ್ಪ ಆ ಕಡೆ ಸರೀರಿ, ನನಗ ಕೆಲಸ ಐತಿ."

ಅಕ್ಕ ಕಣ್ಣು ಮುಚ್ಚಿಕೊಂಡೇ ಸಣ್ಣಗೆ ಅಂದಳು, "ತಮ್ಮಾ, ಲಗ್ನದಾಗ ನಿಮ್ಮ ಮಾಮಾಗ ಒಂದು ಕೈಗಡಿಯಾರ ಕೊಡ್ತೇನಿ ಅಂದು ಕೊಡಲೇ ಇಲ್ಲ ಅಪ್ಪ. ನೋಡೀಗ, ಮನಿಗೇ ಬಂತು."

ಮಾಮಾ ನಕ್ಕ. ನಾನೂ ನಕ್ಕೆ. ಆದರೆ ಬಿಡದೆ ಗುಳಿಗೆ ತೆಗೆದುಕೊಂಡರೆ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಲಿಲ್ಲ. ನಿಂತರೆ ಎಂಬುದೊಂದೇ ಉಳಿಯಿತು.

ಅದಕ್ಕೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಪಡಸಾಲೆಯಲ್ಲಿ ಕುಳಿತ ಅಪ್ಪ ಎದೆ ಹಿಡಿದುಕೊಂಡ. ಮನೆಯಲ್ಲಿ ನಾನೊಬ್ಬನೇ. ಟಂಟಂ ಗಾಡಿ ಕರೆತರಲು ಓಡಿ, ಅದರೊಳಗೆ ಕುಳಿತು ತಿರುಗಿ ಬರುವಷ್ಟರಲ್ಲಿ ಅಪ್ಪ ಕಂಬಕ್ಕೆ ಒರಗಿದಂತೆಯೇ ಹೋಗಿದ್ದ. ಮಣ್ಣಿಗೆ ಬಂದವರಲ್ಲಿ ಒಬ್ಬಿಬ್ಬರು, ಮೊದಲೇ ಯಾಕೆ ಒಯ್ಯಲಿಲ್ಲ ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದವರಲ್ಲ. ಆದರೂ ಆ ಕಂಬದ ಹತ್ತಿರ ಹಾಸಿಗೆ ಹಾಕಲು ನನಗೆ ಇಂದಿಗೂ ಮನಸ್ಸಾಗುವುದಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ರಾಮದುರ್ಗದಿಂದ ಅಕ್ಕನ ಓಣಿಯವರೊಬ್ಬರು ತಮ್ಮ ಗಾಡಿ ತಂದಿದ್ದರು. ಹಿಂದಿನ ಸೀಟಿನಲ್ಲಿ ಅವಳಿಗೆ ದಿಂಬು ಇಟ್ಟು, ಕುಲುಕದ ಹಾಗೆ ಗಾಡಿ ಓಡಿಸಿದರು. ನಾನು ಮನೆಯವರೆಗೂ ಹೋಗಬೇಕಿತ್ತು. ದಾರಿಯಲ್ಲಿ ಯರಗಟ್ಟಿ ಬಂದಾಗ, ಅಂಗಡಿ ಮುಚ್ಚಿ ಬಹಳ ದಿನ ಆಯಿತು ಎಂದು ಹೇಳಿ ಇಳಿದು ಸವದತ್ತಿ ಬಸ್ಸು ಹಿಡಿದೆ. ಕಿಟಕಿಯಲ್ಲಿ ಅಕ್ಕ ಕೈ ಎತ್ತಿದಳು. ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಹಗುರವೆನಿಸಿತು. ಆ ಹಗುರವೆನಿಸಿದ್ದು ಇನ್ನೂ ನನ್ನನ್ನು ಚುಚ್ಚುತ್ತದೆ.

ಶ್ರಾವಣ ಬಂತು. ಪಂಚಮಿಗೆ ವಾರವಿದ್ದಾಗ ಅಕ್ಕನ ಫೋನು.

"ತಮ್ಮಾ, ಈ ಸಲ ಬಸ್ಸು ಭಾಳ ಗದ್ದಲ ಇರ್ತಾವಂತಲ್ಲೋ."

ಯಾವಾಗ ಬರುತ್ತೀ ಎಂದು ಯಾವ ಹೆಣ್ಣುಮಗಳೂ ಬಾಯಿಬಿಟ್ಟು ಕೇಳುವುದಿಲ್ಲ. ಬಸ್ಸಿನ ಮಾತು ತೆಗೆಯುತ್ತಾಳೆ. ನನಗೆ ತಿಳಿಯಿತು.

"ಹೌದಕ್ಕಾ. ಅದೂ ಅಲ್ಲದ, ಡಾಕ್ಟರು ಈ ವರ್ಷ ಅಡ್ಡ್ಯಾಡೂದು ಬ್ಯಾಡ ಅಂದಾರಲ್ಲ."

"ಯಾವ ಡಾಕ್ಟರು?"

"ಬೆಳಗಾವ್ಯಾವ್ರು. ಬಿಟ್ಟ ದಿವಸ ನನ್ನ ಮುಂದ ಅಂದ್ರು."

ಫೋನಿನೊಳಗೆ ಮಗ್ಗಗಳ ಖಟಖಟ ಕೇಳುತ್ತಿತ್ತು.

"ಹಂಗ ಅಂದ್ರೇನು ಅವರು? ಆತು ಬಿಡು. ಮಗಳು ಹೆಂಗದಾಳ? ಉಂಡಿ ಕಟ್ಟಾಕ ಶುರು ಮಾಡ್ಯಾರೇನು?"

ಅಲ್ಲಿಗೆ ಮುಗಿಯಿತು. ಅಷ್ಟು ಸಲೀಸಾಗಿ ಮುಗಿಯುತ್ತದೆಂದು ನಾನು ಎಣಿಸಿರಲಿಲ್ಲ.

ಹೆಂಡತಿ ಮಾತ್ರ ಸುಲಭಕ್ಕೆ ಬಿಡಲಿಲ್ಲ. "ಬಸ್ಸು ಬ್ಯಾಡಂದ್ರ ಒಂದು ಕಾರು ಮಾಡ್ರಿ. ನಾ ಈ ಸಲ ತವರಿಗೆ ಹೋಗಂಗಿಲ್ಲ. ಅಕ್ಕಾರನ್ನ ನಾ ನೋಡ್ಕೊಂತೇನಿ."

"ಡಾಕ್ಟರು ಬ್ಯಾಡಂದಾರ ಅಂತ ಹೇಳಿದ್ನಲ್ಲ."

"ನಂಬರ ಕೊಡ್ರಿ, ನಾ ಒಂದು ಮಾತ ಕೇಳ್ತೇನಿ."

"ನಿನಗೇನು ತಿಳಿತೈತಿ? ಸುಮ್ಮ ಕುಂಡ್ರು."

ಅವಳು ಒಳಗೆ ಹೋಗಿ ತವರಿನ ಗಂಟು ಕಟ್ಟತೊಡಗಿದಳು. ಮರುದಿನ ಬೈಲಹೊಂಗಲದಿಂದ ಅವಳ ಅಣ್ಣ ಬಂದ. ಹೊಸ ಅಂಗಿ ತೊಟ್ಟು, ಬಾಗಿಲಲ್ಲೇ ನಿಂತು, "ಏನಂತಾಳ ನಮ್ಮ ಹುಡುಗಿ? ಗಂಟು ಕಟ್ಟ್ಯಾಳೋ, ಇನ್ನಾ ಕನ್ನಡಿ ಮುಂದ ಅದಾಳೋ?" ಎಂದು ಕೂಗಿದ. ನನ್ನ ಮಗಳು ಓಡಿ ಹೋಗಿ ಅವನ ಹೆಗಲೇರಿದಳು. ಹೊರಡುವಾಗ ಹೆಂಡತಿ ಡಬ್ಬಿಗಳನ್ನು ತೋರಿಸಿದಳು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. "ಅಕ್ಕಾರ ಪಾಲಿಂದು ಬ್ಯಾರೆ ಇಟ್ಟೇನಿ. ನೀವ ಒಯ್ದು ಕೊಟ್ಟು ಬರ್ರಿ. ಬರೀ ಮಾರಿ ನೋಡಿ ಬರಾಕ ಡಾಕ್ಟರು ಬ್ಯಾಡಂದಿಲ್ಲಲ್ಲ?"

ಅದನ್ನೂ ನಾನು ಮಾಡಲಿಲ್ಲ. ನಮ್ಮ ಊರಿನ ಗೆಳೆಯನೊಬ್ಬನ ತಂಗಿಯನ್ನೂ ರಾಮದುರ್ಗಕ್ಕೆ ಕೊಟ್ಟಿದ್ದಾರೆ. ಅವನು ಅವಳನ್ನು ಕರೆಯಲು ಹೊರಟಿದ್ದ. ಅವನ ಕೈಯಲ್ಲಿ ಉಂಡಿಯ ಡಬ್ಬಿ, ಒಂದು ಸೀರೆ, ಕುಪ್ಪಸದ ಬಟ್ಟೆ ಕೊಟ್ಟು ಕಳಿಸಿದೆ. ಮತ್ತೊಬ್ಬಳ ಅಣ್ಣನ ಕೈಯಲ್ಲಿ ನನ್ನ ಅಕ್ಕನ ಪಂಚಮಿ ಕಳಿಸಿದೆ. ತಿರುಗಿ ಬಂದವನು ಅಂಗಡಿಯ ಮುಂದೆ ನಿಂತು ಅಂದ, "ಕೊಟ್ಟೆಪಾ. ಅಕ್ಕಾರು ಬಾಗಲದಾಗ ನಿಂತಿದ್ರು. ನನ್ನ ನೋಡಿದ ಕೂಡಲೇ ನನ್ನ ಬೆನ್ನ ಹಿಂದ ನೋಡಿದ್ರು. ನೀನೂ ಬಂದಿ ಅಂತ ತಿಳಕೊಂಡ್ರು ಕಾಣಸ್ತೈತಿ."

ಪಂಚಮಿಯ ದಿನ ಮನೆಯಲ್ಲಿ ನಾನೊಬ್ಬನೇ. ಊರಿನ ಹುಣಸೆ, ಬೇವುಗಳಿಗೆಲ್ಲ ಜೋಕಾಲಿ ಬಿದ್ದಿದ್ದವು. ಯಾರ ಮನೆಯಲ್ಲಿ ನೋಡಿದರೂ ತವರಿಗೆ ಬಂದ ಹೆಣ್ಣುಮಕ್ಕಳ ನಗು. ನಮ್ಮ ಮನೆಯಲ್ಲಿ ಹಾಲೆರೆಯುವುದು ಯಾವಾಗಲೂ ಹೆಂಗಸರ ಕೆಲಸ. ಆ ವರ್ಷ ಯಾರೂ ಇಲ್ಲದ್ದಕ್ಕೆ ನಾನೇ ಸ್ನಾನ ಮಾಡಿ, ಹಾಲಿನ ತಂಬಿಗೆ, ಕೊಬ್ಬರಿ ಬಟ್ಟಲು ಹಿಡಿದು ಬೇವಿನ ಬುಡದ ಕಲ್ಲನಾಗಪ್ಪನ ಹತ್ತಿರ ಹೋದೆ. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯಬೇಕು, ಬಾಯಿಬಿಟ್ಟು ಹೇಳಬೇಕು. ದೇವರ ಪಾಲು ಅಂದೆ. ಅಪ್ಪನ ಪಾಲು, ಅವ್ವನ ಪಾಲು ಅಂದೆ. ಮುಂದಿನದು ಅಕ್ಕನ ಪಾಲು. ಪ್ರತಿವರ್ಷ ಈ ಜಾಗದಲ್ಲಿ ಅವಳೇ ಬಗ್ಗಿ ನಿಂತು, "ತಮ್ಮನ ಪಾಲು" ಎಂದು ನನ್ನ ಕಡೆ ನೋಡಿ, ಬಟ್ಟಲ ತುಂಬ ಹಾಲೆತ್ತಿ, "ನಿನಗ ಹೆಚ್ಚಿಗಿ ಹಾಕೇನಿ, ಹಾವು ಕಡೀಬಾರದಲ್ಲ" ಎಂದು ಚೇಷ್ಟೆ ಮಾಡುತ್ತಿದ್ದಳು. ಬಟ್ಟಲು ಕೈಯಲ್ಲೇ ಉಳಿಯಿತು. ಹಿಂದೆ ಪಾಳಿಗೆ ನಿಂತ ಹೆಂಗಸರು, "ಲಗೂ ಮಾಡ್ರೀ, ಹಾಲು ಮೊಸರಾಗ್ತೈತಿ" ಎಂದು ನಕ್ಕರು. ಉಳಿದ ಹಾಲನ್ನೆಲ್ಲ ಹೆಸರು ಹೇಳದೆ ಒಮ್ಮೆಲೇ ಸುರಿದು ಬಂದುಬಿಟ್ಟೆ.

ಆ ಮೇಲೆ ಕೇಳಿದವರಿಗೆಲ್ಲ ಅದೇ ಸುಳ್ಳು ಹೇಳಿದೆ. ಡಾಕ್ಟರು ಬೇಡ ಅಂದಿದ್ದಾರೆ. ಜನ ಒಳ್ಳೆಯವರು, ನಂಬಿದರು. ಎದುರುಮನೆಯ ಹಿರಿಯರೊಬ್ಬರು, "ಚಲೋ ಮಾಡಿದಿ. ಕರಿಯೂ ಉಮೇದಿನಾಗ ಜೀವಕ್ಕ ಅಪಾಯ ತರಬಾರದು" ಎಂದು ಬೆನ್ನು ತಟ್ಟಿದರು. ಅವರಿಗಾದರೂ ನನ್ನ ಹೆದರಿಕೆ ಹೇಳಿಕೊಂಡಿದ್ದರೆ, ನಾವೆಲ್ಲ ಇದ್ದೇವಲ್ಲ, ಕರೆದುಕೊಂಡು ಬಾ ಎನ್ನುತ್ತಿದ್ದರೋ ಏನೋ. ನಾನು ಹೇಳಲಿಲ್ಲ. ಹೇಳದ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಊರ ಮಂದಿಯ ನಡುವೆಯೇ ಒಬ್ಬಂಟಿಯಾದೆ. ಅಕ್ಕನ ಫೋನು ಬಂದರೆ ಮಗಳ ಕೈಗೆ ಕೊಡುತ್ತಿದ್ದೆ. ಬರಬರುತ್ತ ಅವಳೂ ಮಗಳನ್ನೇ ಕೇಳತೊಡಗಿದಳು.

ದೀಪಾವಳಿ ಹತ್ತಿರ ಬಂದಾಗ ಮಾಮಾನ ಫೋನು. ಬೆಳಗಾವಿಯ ಡಾಕ್ಟರಿಗೆ ತೋರಿಸುವ ದಿನ ಬಂದಿದೆ, ಹಬ್ಬದ ಸೀರೆಯ ಕೆಲಸವೆಂದು ಮಗ್ಗ ಬಿಡುವ ಹಾಗಿಲ್ಲ ಎಂದ. "ಪ್ರತಿ ಸಲ ಓಣ್ಯಾಗಿನವ್ರು ಯಾರರ ಒಬ್ಬರು ಜೋಡಿ ಹೋಗ್ತಾರ. ಮಂದೀನ ಎಷ್ಟಂತ ಕೇಳೂದಪಾ? ಒಮ್ಮೆರ ನೀ ಬಾ." ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಹಿಂದಿನ ದಿನವೇ ಹೋಗಿ ಉಳಿಯಬೇಕು, ಮರುದಿನ ಬೆಳಿಗ್ಗೆ ಬೆಳಗಾವಿಗೆ ಹೊರಡಬೇಕು ಎಂದು ಠರಾಯಿಸಿದೆವು.

ರಾಮದುರ್ಗದ ಆ ಓಣಿಗೆ ಕಾಲಿಟ್ಟಾಗ ಮಧ್ಯಾಹ್ನ. ಎರಡೂ ಕಡೆ ಮಗ್ಗಗಳ ಸಪ್ಪಳ. ಅಕ್ಕನ ಪಕ್ಕದ ಮನೆಯ ಕಟ್ಟೆಯ ಮೇಲೆ, ಹೋದ ವರ್ಷ ಬಂದಾಗ ನಾನು ಕಂಡಿರದ ಒಬ್ಬ ಮುದುಕಿ ರಾಟಿಯಲ್ಲಿ ನೂಲು ಸುತ್ತುತ್ತಿದ್ದಳು. ಯಾರ ಮನೆ ಬೇಕು ಎಂದು ಕೇಳಿದಳು. ಹೇಳಿದೆ. ರಾಟಿ ನಿಲ್ಲಿಸಿ ಕಾಲಿನಿಂದ ತಲೆಯವರೆಗೆ ನೋಡಿದಳು.

"ಉಗರಗೋಳದ ತಮ್ಮಾರೇನು? ಯಪ್ಪಾ, ಬರ್ರಿ ಕುಂಡ್ರ್ರಿ. ಈಗ ಹೆಂಗದೀರಿ? ಡೆಂಗಿ ಅಂದ್ರ ಮನಷಾನ ಹಿಂಡಿಬಿಡ್ತೈತಿ. ಆದ್ರೂ ಮೈ ಇಳದಂಗ ಕಾಣಂಗಿಲ್ಲ ಬಿಡ್ರಿ, ಹೆಣ್ತಿ ಚಲೋ ಉಣಸ್ಯಾಳ."

ಯಾವ ಡೆಂಗಿ ಎಂದು ಕೇಳಲು ಬಾಯಿ ತೆರೆದೆ. ಅವಳು ನನ್ನ ಉತ್ತರಕ್ಕೆ ಕಾಯುವವಳಲ್ಲ.

"ಪಂಚಮಿಗೆ ಅಂತ ಚೀಲಾ ಕಟ್ಟಿ ಇಟ್ಟಿದ್ಲು ನೋಡ್ರಿ ನಿಮ್ಮಕ್ಕ. ಬೆಳಗಾವಿ ಡಾಕ್ಟರನ್ನ ಕೇಳಿ ಬಂದಿದ್ಲು. ನಾನ ಜೋಡಿ ಹೋಗಿದ್ದೆ. 'ಧಾರಾಳ ಹೋಗ್ರಿ, ಗುಳಿಗಿ ಮಾತ್ರ ಮರೀಬ್ಯಾಡ್ರಿ' ಅಂದ್ರು. ಆಮ್ಯಾಲೆ ಒಂದಿನ ನಾ ಬರೂದಕ್ಕೂ ಈಕಿ ಚೀಲಾ ಬಿಚ್ಚೂದಕ್ಕೂ ಸರಿ ಆತು. ಯಾಕಬೇ ಅಂದೆ. ತಮ್ಮಗ ಡೆಂಗಿ ಆಗೈತಿ, ಏಳಾಕ ಬರವಲ್ದು ಅಂದು ಅಳಾಕ ಹತ್ತಿದ್ಲು. ಅಳಬ್ಯಾಡ, ನಿನ್ನ ಎದಿಗೆ ಚಲೋ ಅಲ್ಲ ಅಂತ ಓಣಿ ಮಂದಿ ಎಲ್ಲಾ ಕೂಡಿದಿವಿ. ಹಾಲೆರಿಯೂ ಮುಂದ ಎಲ್ಲಾರೂ ನಿಮ್ಮ ಹೆಸರೀಲೆ ಒಂದೊಂದು ಪಾಲು ಎರದಿವ್ರಿ, ಲಗೂನ ಆರಾಮಾಗ್ಲಿ ಅಂತ."

ನಾನು ಅವಳ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನ್ನ ಸುಳ್ಳನ್ನು ಅಕ್ಕ ಫೋನಿನಲ್ಲೇ ಹಿಡಿದಿದ್ದಳು. ಹಿಡಿದೂ, ತವರಿನ ಮರ್ಯಾದೆ ಓಣಿಯಲ್ಲಿ ಹೋಗಬಾರದೆಂದು ತಾನೊಂದು ಸುಳ್ಳು ಹೊಲಿದು ನನಗೆ ಹೊದಿಸಿದ್ದಳು. ಹೆಸರೂ ತಿಳಿಯದ ಹೆಂಗಸರು ನನಗೆ ಬಾರದ ಜ್ವರಕ್ಕಾಗಿ ಹಾಲೆರೆದಿದ್ದರು. ಅದೇ ದಿನ ನಾನು ಅಕ್ಕನ ಪಾಲು ಎಂಬ ಎರಡು ಮಾತು ಹೇಳದೆ ತಂಬಿಗೆ ಬರಿದು ಮಾಡಿ ಬಂದಿದ್ದೆ.

ಮುದುಕಿ ಹೇಳುತ್ತಲೇ ಇದ್ದಳು. ಅಕ್ಕನ ಕೈಗೆ ಈಳಿಗೆ ಕೊಡುವುದಿಲ್ಲವಂತೆ, ಕೊಯ್ದುಕೊಂಡರೆ ಆ ಗುಳಿಗೆಯಿಂದ ರಕ್ತ ಬೇಗ ನಿಲ್ಲುವುದಿಲ್ಲ. ಬೆಳಿಗ್ಗೆ ಯಾರ ಮನೆಯಲ್ಲಿ ಕಾಯಿಪಲ್ಯ ಹೆಚ್ಚಿದರೂ ಅವಳದನ್ನೂ ಹೆಚ್ಚಿ ಕೊಡುತ್ತಾರೆ. ಮೆಂತ್ಯೆ, ರಾಜಗಿರಿ ಸೊಪ್ಪು ಒಂದು ದಿನ ರಾಶಿ ತಿಂದು ಒಂದು ದಿನ ಬಿಡಬಾರದು, ದಿನಾ ಒಂದೇ ಅಳತೆ ಇರಬೇಕು ಎಂದು ಡಾಕ್ಟರು ಹೇಳಿದ್ದರಿಂದ ಹಿಡಿ ಲೆಕ್ಕದಲ್ಲಿ ಕೊಡುತ್ತಾರೆ. ನಲ್ಲಿ ಬಂದಾಗ ಅವಳ ಕೊಡ ಮೊದಲು ತುಂಬುತ್ತದೆ. ಸಂಜೆ ಮಗ್ಗ ನಿಂತ ಕೂಡಲೇ ಯಾರಾದರೊಬ್ಬರು, "ಗುಳಿಗಿ ತಗೊಂಡೀ?" ಎಂದು ಗೋಡೆಯಾಚೆಯಿಂದ ಕೂಗುತ್ತಾರೆ.

"ಕರೆಂಟ ಹೋತಂದ್ರ ನಮ್ಮ ಓಣ್ಯಾಗ ಈಕಿ ಒಬ್ಬಾಕಿದ ಮಗ್ಗ ನಡಿತೈತ್ರಿ," ಎಂದು ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಏ, ನಿನ್ನ ಸೀರಿ ಎಷ್ಟು ಮೊಳ ಆತಬೇ ಅಂತ ಕೇಳ್ತೇವಿ."

ನಾನು ಯಾವ ಸಪ್ಪಳಕ್ಕೆ ಹೆದರಿ ಯರಗಟ್ಟಿಯಲ್ಲಿ ಇಳಿದಿದ್ದೆನೋ ಅದನ್ನಿಟ್ಟುಕೊಂಡು ಇವರು ನಗಾಡುತ್ತ ಕೆಲಸ ಮಾಡುತ್ತಿದ್ದರು.

ದನಿ ಕೇಳಿ ಅಕ್ಕ ಹೊರಗೆ ಬಂದಳು. ಮುಖಕ್ಕೆ ಬಣ್ಣ ಬಂದಿತ್ತು, ಕೈಗಳು ಮಾತ್ರ ತೆಳ್ಳಗಾಗಿದ್ದವು. "ಏ ಹುಚ್ಚಾ, ಮನಿ ಬಿಟ್ಟು ಮಂದಿ ಕಟ್ಟಿಮ್ಯಾಲೆ ಯಾಕ ಕುಂತಿ?" ಎಂದಳು. ಆಮೇಲೆ ಮುದುಕಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಪೂರಾ ಆರಾಮಾದಿ ಇಲ್ಲೋ?" ಎಂದು ಕೇಳಿದಳು.

"ಆರಾಮದೇನಿ," ಅಂದೆ. ಮತ್ತೊಂದು ಸುಳ್ಳು.

ಒಳಗೆ ಚಹಾ ಕೊಟ್ಟಳು. ಮಗಳ ಶಾಲೆ, ಹೊಲ, ಅಂಗಡಿ, ಎಲ್ಲ ಕೇಳಿದಳು. ಪಂಚಮಿಯ ಸುತ್ತ ಮಾತು ಬಂದಾಗ ದಾರಿಯ ತಗ್ಗು ತಪ್ಪಿಸಿದಂತೆ ತಪ್ಪಿಸಿ ಮುಂದೆ ಹೋದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ಬೈಯಲಿಲ್ಲ. ಬೀಗರ ಮನೆಯವರಿಗೆ ಉಪಚಾರ ಮಾಡುವ ಹಾಗೆ ನನಗೆ ಮಾಡಿದಳು. ಇನ್ನೊಂದು ಕಪ್ಪು ಬೇಕೇನು, ಬಿಸಿಲಲ್ಲಿ ಬಂದೀ, ಸ್ವಲ್ಪ ಅಡ್ಡಾಗು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿ ಊಟಕ್ಕೆ ಎಬ್ಬಿಸುತ್ತಿದ್ದವಳು ಅವಳು. ನಾನು ಪರಕೀಯನಾಗಿದ್ದೆ.

ಸಂಜೆ ಬಿಸಿಲಿಳಿದ ಮೇಲೆ ಅವಳು ದಿನಾ ನಡೆಯಬೇಕು, ಡಾಕ್ಟರು ಹೇಳಿದ್ದಾರೆ. ಒಬ್ಬಳನ್ನೇ ಓಣಿಯವರು ಬಿಡುವುದಿಲ್ಲ, ಪಾಳಿ ಹಚ್ಚಿದ್ದಾರೆ. "ಇವತ್ತಿಂದು ನನ್ನ ಪಾಳಿ," ಎಂದು ಮುದುಕಿ ಚಪ್ಪಲಿ ಮೆಟ್ಟಿಕೊಂಡು ಬಂದವಳು ನನ್ನನ್ನು ನೋಡಿ ನಿಂತಳು. "ತಮ್ಮಾರು ಬಂದಾರಲ್ಲ, ಅವರ ಹೋಗ್ಲಿ. ಆದ್ರ ಲಗು ಲಗು ನಡೀಬ್ಯಾಡ್ರಿ. ಆಕಿ ನಿಂತಲ್ಲೆ ನಿಂದರ್ರಿ, ಯಾಕ ನಿಂತಿ ಅಂತ ಕೇಳಬ್ಯಾಡ್ರಿ."

ಓಣಿ ದಾಟುವವರೆಗೆ ಪ್ರತಿ ಬಾಗಿಲಿನಿಂದ ಅವಳಿಗೆ ಒಂದು ಮಾತು ಬಂತು. ಯಾರೋ ಸೆರಗು ಸರಿಮಾಡಿದರು, ಯಾರೋ ನಾಳೆ ಬೆಳಗಾವಿಗೆ ಬುತ್ತಿ ಕಟ್ಟಿಕೊಡುತ್ತೇನೆ ಎಂದರು. ನನ್ನನ್ನೂ ಎಲ್ಲರೂ ಕೇಳಿದರು. ಜ್ವರ ಬಿಟ್ಟಿತಾ, ಶಕ್ತಿ ಬಂತಾ. ನಾನು ತಲೆಯಾಡಿಸುತ್ತ ನಡೆದೆ. ಹೊಳೆಯ ಕಡೆ ತಿರುಗಿದ ಮೇಲೆ ಮನೆಗಳು ಮುಗಿದು ಮಾತೂ ಮುಗಿಯಿತು. ಒಂದು ಸಣ್ಣ ಸೇತುವೆಯ ಹತ್ತಿರ ಅವಳು ನಿಂತಳು. ಯಾಕೆ ಎಂದು ಕೇಳಲಿಲ್ಲ. ಉಸಿರು ಸರಿಯಾಗಲೆಂದು ಕಾದೆ.

ಅವಳೇ ಅಂದಳು, ನನ್ನ ಕಡೆ ನೋಡದೆ, ನೀರಿನ ಕಡೆ ನೋಡುತ್ತ. "ಓಣ್ಯಾಗ ನಾ ಒಂದು ಹೇಳಿಬಿಟ್ಟೇನಿ, ನಿನಗ ತಿಳದಿರಬೇಕು. ಅದನ್ನ ಹಂಗ ನಡಸ್ಕೊಂಡು ಹೋಗು. ಆಗಿದ್ದು ಆಗಿ ಹೋತು."

ಅವಳು ದಾರಿ ಬಿಟ್ಟುಕೊಟ್ಟಿದ್ದಳು. ಹೂಂ ಅಂದರೆ ಸಾಕಿತ್ತು. ಅವಳ ಸುಳ್ಳು ನನ್ನ ಸುಳ್ಳಿನ ಮೇಲೆ ಸರಿಯಾಗಿ ಕೂರುತ್ತಿತ್ತು, ಇಬ್ಬರೂ ಹೀಗೇ ಒಬ್ಬರಿಗೊಬ್ಬರು ಉಪಚಾರ ಮಾಡುತ್ತ ಮುದುಕರಾಗಬಹುದಿತ್ತು. ಆದರೆ ಹೂಂ ಅಂದರೆ, ತವರಿಗೆ ತಾನು ಬೇಡವಾಗಿದ್ದೇನೆ ಎಂದೇ ಅವಳು ಉಳಿದ ಆಯುಷ್ಯ ತಿಳಿದಿರುತ್ತಿದ್ದಳು. ಯಾಕೆ ಬೇಡವಾದೆ ಎಂದು ಎಂದಿಗೂ ಕೇಳುತ್ತಿರಲಿಲ್ಲ. ಅವಳನ್ನು ಕರೆದ ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಹೊರಟಿತು. ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ತಿರುಗಿ ನೋಡಿದ.

"ಅಕ್ಕಾ, ಡಾಕ್ಟರು ನನ್ನ ಮುಂದ ಏನೂ ಅಂದಿರಲಿಲ್ಲ. ನಾ ಅಂಜಿದೆ. ನೀ ನಮ್ಮ ಮನ್ಯಾಗ, ಅಪ್ಪನಂಗ, ನಾ ಒಬ್ಬನ ಇದ್ದಾಗ ಹೋಗಿಬಿಟ್ರ ಅಂತ ಅಂಜ್ಕೊಂಡು ನಿನ್ನ ಕರಿಯಾಕ ಬರಲಿಲ್ಲ. ನೀ ಬ್ಯಾಡಾಗಿದ್ದಿಲ್ಲ. ತಪ್ಪಾತಕ್ಕಾ. ನಂದು ಭಾಳ ತಪ್ಪಾತು."